ಮೊದಲು ಮೂಗು, ಆಮೇಲೆ ಮುಖ: ದೊಡ್ಡ ನಂಬರಿನವರಿಗೆ ಡಿಸೈನರ್ ಫ್ರೇಮ್

ಪ್ರಶ್ನೆ: ನನಗೆ 34 ವರ್ಷ. ಊರು ಶಿರಸಿ ಹತ್ತಿರ, ಕೆಲಸ ಕಾರವಾರದಲ್ಲಿ. ಎರಡೂ ಕಣ್ಣಿಗೆ ಮೈನಸ್ 5.50. ಗುಂಡು ಮುಖ. ಇಷ್ಟು ವರ್ಷ ಕೈಗೆ ಸಿಕ್ಕ ಫ್ರೇಮ್ ಹಾಕಿಕೊಂಡೆ, ಈ ಸಲ ಒಂದು ಒಳ್ಳೆಯ ಡಿಸೈನರ್ ಫ್ರೇಮ್ ತಗೊಳ್ಳೋಣ ಅಂತಿದ್ದೇನೆ. ಗ್ಲಾಸು ಸೇರಿ 15 ಸಾವಿರದವರೆಗೆ ಖರ್ಚು ಮಾಡಬಲ್ಲೆ. ಗುಂಡು ಮುಖಕ್ಕೆ ಚೌಕ ಫ್ರೇಮ್ ಒಪ್ಪುತ್ತದೆ ಅಂತ ಎಲ್ಲ ಕಡೆ ಓದಿದೆ. ಆದರೆ ಅಂಥದ್ದು ಹಾಕಿದರೆ ಗ್ಲಾಸಿನ ಅಂಚು ದಪ್ಪ ಕಾಣುತ್ತದೆ, ಮೂಗಿನಿಂದ ಜಾರುತ್ತಲೂ ಇರುತ್ತದೆ. ಈಗಿನ ಫ್ರೇಮ್ ವರ್ಷದೊಳಗೇ ಮೂಗಿನ ಹತ್ತಿರ ಹಸಿರಾಗಿದೆ. ಡಿಸೆಂಬರ್‌ನಲ್ಲಿ ತಂಗಿಯ ಮದುವೆ ಬೇರೆ ಇದೆ. ಯಾವ ಆಕಾರ, ಯಾವ ಬ್ರ್ಯಾಂಡ್ ನೋಡಲಿ? ಆನ್‌ಲೈನ್‌ನಲ್ಲಿ ತರಿಸಬಹುದಾ? ಅಮ್ಮನಿಗೂ ಹೊಸ ಪ್ರೊಗ್ರೆಸಿವ್ ಕನ್ನಡಕ (ದೂರದ್ದು, ಹತ್ತಿರದ್ದು ಒಂದೇ ಗ್ಲಾಸಿನಲ್ಲಿರುವುದು) ಮಾಡಿಸಬೇಕು, ಇಬ್ಬರೂ ಒಂದೇ ಥರದ ಫ್ರೇಮ್ ತಗೊಂಡರೆ ಹೇಗೆ?

ಉತ್ತರ: ಮೊದಲು ಆ ಮುಖದ ಆಕಾರದ ಚಾರ್ಟನ್ನು ಪಕ್ಕಕ್ಕಿಡಿ. ಗುಂಡು ಮುಖಕ್ಕೆ ಚೌಕ, ಚೌಕ ಮುಖಕ್ಕೆ ಗುಂಡು, ಉದ್ದ ಮುಖಕ್ಕೆ ಎತ್ತರದ ಫ್ರೇಮ್ ಅನ್ನುವ ಮಾತು ಪೂರ್ತಿ ಸುಳ್ಳಲ್ಲ. ಮುಖದಲ್ಲಿ ಇಲ್ಲದ ಗೆರೆಯನ್ನು ಫ್ರೇಮ್ ಕೊಟ್ಟರೆ ನೋಡಲು ಚೆನ್ನಾಗಿರುತ್ತದೆ, ಅಷ್ಟೇ ಅದರಲ್ಲಿರುವುದು. ಆದರೆ ಆ ಫೋಟೋಗಳಲ್ಲಿರುವ ಮಾಡೆಲ್‌ಗಳ ಕನ್ನಡಕದಲ್ಲಿ ನಂಬರೇ ಇರುವುದಿಲ್ಲ, ಬರೀ ಡಮ್ಮಿ ಲೆನ್ಸ್. ನಿಮಗೆ 5.50 ಇದೆ. ನಿಮ್ಮಂಥವರಿಗೆ ಕ್ರಮವೇ ಬೇರೆ. ಮೊದಲು ಮೂಗು, ಆಮೇಲೆ ನಂಬರ್, ಆಮೇಲೆ ಮುಖದ ಅಗಲ, ಆಕಾರ ಅದಾದ ಮೇಲೆ, ಬ್ರ್ಯಾಂಡ್ ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಪ್ಪಿದರೆ 15 ಸಾವಿರ ಕೊಟ್ಟ ಕನ್ನಡಕವೂ ದಿನವಿಡೀ ಬೆರಳಿನಿಂದ ಮೇಲೆ ತಳ್ಳಿಕೊಳ್ಳುವ ಕನ್ನಡಕವೇ ಆಗುತ್ತದೆ.

ಈಗ ಹಾಕಿಕೊಂಡಿರುವ ಕನ್ನಡಕದ ಕಡ್ಡಿಯ ಒಳಮೈ ನೋಡಿ. 52, ಒಂದು ಪುಟ್ಟ ಚೌಕದ ಗುರುತು, 18, ಆಮೇಲೆ 140 ಅಂತ ಏನಾದರೂ ಬರೆದಿರುತ್ತದೆ. ಎಲ್ಲ ಮಿಲಿಮೀಟರ್ ಲೆಕ್ಕ. ಮೊದಲನೆಯದು ಒಂದು ಗ್ಲಾಸಿನ ಅಗಲ. ಎರಡನೆಯದು ಎರಡು ಗ್ಲಾಸುಗಳ ನಡುವಿನ ದೂರ, ಅಂದರೆ ಮೂಗಿನ ಸೇತುವೆ. ಮೂರನೆಯದು ಕಡ್ಡಿಯ ಉದ್ದ. ಕೆಲವು ಫ್ರೇಮಿನಲ್ಲಿ ಇದು ಸೇತುವೆಯ ಒಳಭಾಗದಲ್ಲಿರುತ್ತದೆ, ಹಳೆಯದರಲ್ಲಿ ಅಳಿಸಿಹೋಗಿರಲೂಬಹುದು. ಈ ಮೂರು ಅಂಕಿ ಗೊತ್ತಿಲ್ಲದೆ ಫ್ರೇಮ್ ಹುಡುಕುವುದು ಸೈಜ್ ಗೊತ್ತಿಲ್ಲದೆ ಚಪ್ಪಲಿ ತರಲು ಹೋದ ಹಾಗೆ.

ಇನ್ನೊಂದು ಅಂಕಿ ಪಿಡಿ. ಎರಡು ಕಣ್ಣಿನ ಪಾಪೆಗಳ ನಡುವಿನ ದೂರ ಅದು. ಕಣ್ಣು ಪರೀಕ್ಷೆ ಮಾಡಿದ ಚೀಟಿಯಲ್ಲಿ ಬಹಳಷ್ಟು ಸಲ ಇದನ್ನು ಬರೆದೇ ಇರುವುದಿಲ್ಲ. ಕೇಳಿ ಬರೆಸಿಕೊಳ್ಳಿ. ದೊಡ್ಡವರಲ್ಲಿ ಸಾಮಾನ್ಯವಾಗಿ 60ರ ಆಸುಪಾಸು ಇರುತ್ತದೆ. ಎರಡೂ ಕಣ್ಣಿಗೆ ಸೇರಿಸಿ ಒಂದೇ ಅಂಕಿ ಕೊಟ್ಟರೆ ಸಾಲದು. ಮೂಗಿನ ನಡುವಿನಿಂದ ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಅಂತ ಬೇರೆ ಬೇರೆ ಬೇಕು, ಯಾಕೆಂದರೆ ಎರಡೂ ಕಡೆ ಸಮ ಇರುವವರು ಕಡಿಮೆ.

ಈ ಅಂಕಿಗಳಿಗೂ ನಿಮ್ಮ ಗ್ಲಾಸಿನ ಅಂಚು ದಪ್ಪ ಕಾಣುವುದಕ್ಕೂ ನೇರ ಸಂಬಂಧ ಇದೆ. ಇಲ್ಲಿ ಸ್ವಲ್ಪ ತಾಳ್ಮೆಯಿಂದ ಓದಿ, ನಿಮ್ಮ ದುಡ್ಡು ಉಳಿಯುವುದು ಇಲ್ಲೇ. ಮೈನಸ್ ಲೆನ್ಸ್ ನಡುವೆ ತೆಳು, ಅಂಚಿಗೆ ಹೋದಷ್ಟೂ ದಪ್ಪ. ಆ ತೆಳು ಭಾಗ ಸರಿಯಾಗಿ ನಿಮ್ಮ ಪಾಪೆಯ ಎದುರಿಗೇ ಬರಬೇಕು. ನಿಮ್ಮ ಪಿಡಿ 60 ಅಂದುಕೊಳ್ಳೋಣ. ಫ್ಯಾಷನ್ ಅಂತ 56-16ರ ದೊಡ್ಡ ಚೌಕ ಫ್ರೇಮ್ ತಗೊಂಡಿರಿ. 56ಕ್ಕೆ 16 ಕೂಡಿದರೆ 72. ಅಂದರೆ ಫ್ರೇಮಿನ ಎರಡು ಗ್ಲಾಸುಗಳ ನಡುಬಿಂದುಗಳ ದೂರ 72, ನಿಮ್ಮ ಪಾಪೆಗಳ ದೂರ 60. ಒಂದೊಂದು ಗ್ಲಾಸನ್ನೂ 6 ಮಿಲಿಮೀಟರ್ ಮೂಗಿನ ಕಡೆಗೆ ಸರಿಸಿ ಕೂರಿಸಬೇಕಾಗುತ್ತದೆ. ಆಗ ಕಿವಿಯ ಕಡೆಯ ಅಂಚು ತೆಳು ಭಾಗದಿಂದ 34 ಮಿಲಿಮೀಟರ್ ದೂರ ಹೋಗುತ್ತದೆ. ಮಾಮೂಲಿ 1.5 ಇಂಡೆಕ್ಸ್ (ಈ ಅಂಕಿ ಜಾಸ್ತಿಯಾದಷ್ಟೂ ಲೆನ್ಸ್ ತೆಳು) ಪ್ಲಾಸ್ಟಿಕ್ ಲೆನ್ಸಿನಲ್ಲಿ ಅಲ್ಲಿ ದಪ್ಪ ಸುಮಾರು 8 ಮಿಲಿಮೀಟರ್ ಬರುತ್ತದೆ. ಅದೇ ನೀವು 48-18ರ ಫ್ರೇಮ್ ತಗೊಂಡರೆ 48 ಮತ್ತು 18 ಸೇರಿ 66, ಸರಿಸಬೇಕಾದ್ದು ಬರೀ 3 ಮಿಲಿಮೀಟರ್, ಅಂಚಿನ ದೂರ 27ಕ್ಕೆ ಇಳಿಯುತ್ತದೆ, ದಪ್ಪ ಸುಮಾರು 6ಕ್ಕೆ.

ಈಗ ನೋಡಿ. ಆ 56ರ ಫ್ರೇಮಿಗೇ ದುಬಾರಿ 1.67 ಹೈ ಇಂಡೆಕ್ಸ್ ಹಾಕಿಸಿದರೆ ದಪ್ಪ ಎಷ್ಟಾಗುತ್ತದೆ ಗೊತ್ತಾ? ಅದೂ ಸುಮಾರು 6. ಅಂದರೆ ಚಿಕ್ಕ ಫ್ರೇಮಿನಲ್ಲಿ ಅಗ್ಗದ ಲೆನ್ಸ್ ಕೊಡುವ ಅಂಚನ್ನೇ ದೊಡ್ಡ ಫ್ರೇಮಿನಲ್ಲಿ ಕೊಡಲು ದುಬಾರಿ ಲೆನ್ಸ್ ಬೇಕು. ಚಿಕ್ಕ ಫ್ರೇಮ್ ಮತ್ತು 1.67 ಎರಡೂ ಸೇರಿದರೆ ನಾಲ್ಕು ಚಿಲ್ಲರೆಗೆ ಬರುತ್ತದೆ. ಇವೆಲ್ಲ ಅಂದಾಜು ಲೆಕ್ಕ. ಫ್ರೇಮಿನ ಆಕಾರ, ಲೆನ್ಸ್ ಕಂಪನಿ ಬದಲಾದರೆ ಆಚೀಚೆ ಆಗುತ್ತದೆ, ಆದರೆ ಪ್ರಮಾಣ ಇದೇ. "ತೆಳು ಗ್ಲಾಸ್ ಹಾಕಿಕೊಡ್ತೀವಿ, ನೀವು ಫ್ರೇಮ್ ಯಾವುದು ಬೇಕಾದ್ರೂ ತಗೊಳ್ಳಿ" ಅಂದವರನ್ನು ಅಷ್ಟಕ್ಕಷ್ಟೇ ನಂಬಿ.

ಮೂಲೆಯ ವಿಷಯ ಬೇರೆ ಇದೆ. ಚೂಪು ಮೂಲೆಯ ಚೌಕದಲ್ಲಿ ಮೂಲೆ ತುದಿ ನಡುವಿನಿಂದ ಇನ್ನೂ ದೂರ, ಹಾಗಾಗಿ ಅಲ್ಲಿ ದಪ್ಪ ಇನ್ನೂ ಜಾಸ್ತಿ. ನಿಮ್ಮ ಚೌಕ ಫ್ರೇಮ್ ದಪ್ಪ ಕಂಡದ್ದು ಇದಕ್ಕೇ. ಹಾಗಂತ ಗುಂಡು ಮುಖಕ್ಕೆ ಗುಂಡು ಫ್ರೇಮ್ ಹಾಕಿ ಅಂತ ನಾನು ಹೇಳುತ್ತಿಲ್ಲ. ನಡುವೆ ಒಂದು ದಾರಿ ಇದೆ: ಮೇಲಿನ ಗೆರೆ ಸ್ವಲ್ಪ ನೇರ, ಮೂಲೆಗಳು ಮೆತ್ತಗೆ ದುಂಡಾದದ್ದು, ಕೆಳಗೆ ಕಿರಿದಾಗುತ್ತಾ ಬಂದದ್ದು. ಅಂಗಡಿಯಲ್ಲಿ ಪ್ಯಾಂಟೋ ಅಂತ ಕೇಳಿದರೆ ತೋರಿಸುತ್ತಾರೆ. ಹೊರಗಡೆಯ ಮೇಲ್ತುದಿ ತುಸು ಎತ್ತಿದಂತಿರುವ ಕ್ಯಾಟ್ ಐ ಕೂಡ ಗುಂಡು ಮುಖಕ್ಕೆ ಚೆನ್ನ, ಆದರೆ ಎತ್ತಿದ್ದು ಸ್ವಲ್ಪವೇ ಇರಲಿ. ಅತಿಯಾದರೆ ಆ ರೆಕ್ಕೆಯೊಳಗೆ ನಿಮ್ಮ ಲೆನ್ಸಿನ ದಪ್ಪ ಬಂದು ಕೂರುತ್ತದೆ.

ಇನ್ನು ಮೂಗು. ಜಾರುವುದಕ್ಕೆ ಜನ ಬೆವರನ್ನು ಬೈಯುತ್ತಾರೆ, ಬೆವರು ಬರೀ ನೆಪ. ಕಾರಣಗಳು ಬೇರೆಯೇ. ಒಂದೋ ಸೇತುವೆಯ ಅಳತೆ ನಿಮ್ಮ ಮೂಗಿಗಿಂತ ಅಗಲ, ಇಲ್ಲವೇ ಮುಂಭಾಗದ ತೂಕ ಜಾಸ್ತಿ, ಇಲ್ಲವೇ ಕಡ್ಡಿಯ ಬಾಗು ಕಿವಿಯ ಮೇಲೆ ಸರಿಯಾದ ಜಾಗದಲ್ಲಿ ಶುರುವಾಗಿಲ್ಲ. ಕಿವಿಯ ಬುಡದ ತುತ್ತತುದಿ ಮುಗಿಯುವಲ್ಲೇ ಕಡ್ಡಿ ಕೆಳಗೆ ಬಾಗಬೇಕು. ಅದಕ್ಕಿಂತ ಒಂದು ಸೆಂಟಿಮೀಟರ್ ಹಿಂದೆ ಬಾಗಿದರೂ ಕನ್ನಡಕ ಅಷ್ಟು ಮುಂದೆ ಬಂದೇ ನಿಲ್ಲುತ್ತದೆ. ಇದನ್ನು ಅಂಗಡಿಯವರು ಕಡ್ಡಿ ಬಿಸಿ ಮಾಡಿ ಎರಡು ನಿಮಿಷದಲ್ಲಿ ಸರಿ ಮಾಡಬಹುದು, ಕೇಳುವವರು ಕಡಿಮೆ. ಕಡ್ಡಿ 135, 140, 145ರಲ್ಲಿ ಸಿಗುತ್ತದೆ. ಗುಂಡು ಮುಖದವರು, ಅಗಲ ತಲೆಯವರು 140 ಅಥವಾ 145 ಹಾಕಿ ನೋಡಿ.

ಜಾರಿದರೆ ಬರೀ ಕಿರಿಕಿರಿಯಲ್ಲ, ನೋಟವೂ ಕೆಡುತ್ತದೆ. ನಂಬರ್ ದೊಡ್ಡದಿದ್ದಾಗ ಲೆನ್ಸ್ ಕಣ್ಣಿನಿಂದ ಎಷ್ಟು ದೂರ ಕೂರುತ್ತದೆ ಅನ್ನುವುದು ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯವಾಗಿ 12ರಿಂದ 14 ಮಿಲಿಮೀಟರ್ ಇರಬೇಕು. ಮೈನಸ್ ಗ್ಲಾಸ್ ಮುಂದಕ್ಕೆ ಜಾರಿದಷ್ಟೂ ಅದರ ಬಲ ತುಸು ಕಮ್ಮಿಯಾಗುತ್ತದೆ. ಸಂಜೆ ಹೊತ್ತಿಗೆ ದೂರದ ಬೋರ್ಡು ಮಸುಕಾದರೆ ನಂಬರ್ ಏರಿತು ಅಂತ ಗಾಬರಿಯಾಗುವ ಮೊದಲು ಕನ್ನಡಕ ಮೇಲೆ ತಳ್ಳಿ ನೋಡಿ.

ಮೂಗಿನ ಎಲುಬು ಎತ್ತರ ಇರುವವರಿಗೆ ಪ್ಯಾಡ್ ಇಲ್ಲದ ಶೆಲ್ ಫ್ರೇಮ್, ಅಂದರೆ ಪ್ಲಾಸ್ಟಿಕ್ ಫ್ರೇಮ್, ಚೆನ್ನಾಗಿ ಕೂರುತ್ತದೆ, ತೂಕ ಮೂಗಿನ ಮೇಲೆಲ್ಲ ಹರಡುತ್ತದೆ. ಕಣ್ಣುಗಳ ನಡುವೆ ಮೂಗು ಚಪ್ಪಟೆ ಇರುವವರಿಗೆ ಅದೇ ಫ್ರೇಮ್ ಕೆನ್ನೆಯ ಮೇಲೆ ಕೂತುಬಿಡುತ್ತದೆ. ಕನ್ನಡಿ ಮುಂದೆ ದೊಡ್ಡದಾಗಿ ನಕ್ಕು ನೋಡಿ. ಕೆನ್ನೆ ಫ್ರೇಮನ್ನು ಮೇಲೆತ್ತಿದರೆ ಅದು ನಿಮ್ಮದಲ್ಲ, ಎಷ್ಟೇ ಚೆಂದವಿರಲಿ ಬಿಡಿ. ಗುಂಡು ಮುಖದವರಿಗೆ ಕೆನ್ನೆ ತುಂಬಿರುವುದು ಸಹಜ, ಹಾಗಾಗಿ ನಿಮಗೆ ತಿರುಗಿಸಿ ಕೂರಿಸಲು ಬರುವ ನೋಸ್ ಪ್ಯಾಡ್ ಇರುವ ಫ್ರೇಮೇ ಒಳ್ಳೆಯದು ಅಂತ ನನ್ನ ಅಂದಾಜು. ಶೆಲ್ಲೇ ಬೇಕು ಅಂದರೆ ಚಪ್ಪಟೆ ಮೂಗಿಗೆಂದೇ ಮಾಡಿದ ಲೋ ಬ್ರಿಡ್ಜ್ ಫಿಟ್ ಇದೆಯಾ ಅಂತ ಕೇಳಿ. ಶೆಲ್ ಮುಂಭಾಗಕ್ಕೆ ಲೋಹದ ಪ್ಯಾಡ್ ಕಡ್ಡಿ ಜೋಡಿಸಿದ ಮಾದರಿಗಳೂ ಬರುತ್ತವೆ. ಅಂಗಡಿಯಲ್ಲೇ ತಲೆ ಬಗ್ಗಿಸಿ, ರಂಗೋಲಿ ಹಾಕುವ ಹಾಗೆ ಬಗ್ಗಿ ನೋಡಿ. ಡಮ್ಮಿ ಲೆನ್ಸಿನಲ್ಲೇ ಜಾರಿದರೆ ನಿಮ್ಮ ನಂಬರ್ ಬಂದ ಮೇಲೆ ಇನ್ನೂ ಜಾರುತ್ತದೆ.

ಹಸಿರಾಗುವುದು ನಮ್ಮ ಕರಾವಳಿಯ ಮಾಮೂಲಿ ದೂರು. ಅದು ಕಿಲುಬು. ಅಗ್ಗದ ಮೆಟಲ್ ಫ್ರೇಮಿನಲ್ಲಿ, ಅದರಲ್ಲೂ ಪ್ಯಾಡ್ ಹಿಡಿದಿರುವ ಪುಟ್ಟ ಕಡ್ಡಿ ಮತ್ತು ಸ್ಕ್ರೂಗಳಲ್ಲಿ ತಾಮ್ರ ಬೆರೆತ ಲೋಹ ಇರುತ್ತದೆ. ಬೆವರಿನ ಉಪ್ಪು, ಕಡಲ ಗಾಳಿಯ ಉಪ್ಪು, ಜೊತೆಗೆ ಮುಖಕ್ಕೆ ಹಚ್ಚಿದ ಕ್ರೀಮು ಎಲ್ಲ ಸೇರಿ ಆ ಸಂದಿಯಲ್ಲಿ ಕೂತರೆ ಮೇಲಿನ ಲೇಪ ಎದ್ದು ಒಳಗಿನ ತಾಮ್ರ ಹಸಿರಾಗುತ್ತದೆ. ಕಾರವಾರದಲ್ಲಿ ಟ್ಯಾಗೋರ್ ಬೀಚ್ ಕಡೆ ದಿನಾ ಸಂಜೆ ವಾಕಿಂಗ್ ಹೋಗುವವರ ಫ್ರೇಮ್ ಶಿರಸಿಯವರ ಫ್ರೇಮಿಗಿಂತ ಬೇಗ ಕೆಡುತ್ತದೆ ಅಂದರೆ ಆಶ್ಚರ್ಯವೇನಿಲ್ಲ. ನಿಕ್ಕಲ್ ಇರುವ ಫ್ರೇಮಾದರೆ ಕೆಲವರಿಗೆ ಮೂಗಿನ ಪಕ್ಕ, ಕಿವಿಯ ಹಿಂದೆ ತುರಿಕೆಯೂ ಏಳುತ್ತದೆ.

ಹಾಗಾದರೆ ಯಾವ ಲೋಹ? ಟೈಟಾನಿಯಂ. ತುಕ್ಕು ಹಿಡಿಯುವುದಿಲ್ಲ, ಹಗುರ, ಮೈಗೆ ಆಗದವರು ಅಪರೂಪ. ಆದರೆ ಕಡ್ಡಿಯ ಮೇಲೆ ಟೈಟಾನಿಯಂ ಅಂತ ಬರೆದಿದ್ದರೂ ಮುಂಭಾಗ, ಪ್ಯಾಡ್ ಕಡ್ಡಿ, ಸ್ಕ್ರೂ ಎಲ್ಲ ಅದೇ ಲೋಹದ್ದೇ ಅಂತ ಕೇಳಿ ತಿಳಿದುಕೊಳ್ಳಿ. ಬರೀ ಕಡ್ಡಿ ಮಾತ್ರ ಟೈಟಾನಿಯಂ ಇರುವವೂ ಬರುತ್ತವೆ. ಅದಕ್ಕಿಂತ ಕಡಿಮೆ ಬೆಲೆಗೆ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್ ಸಾಕು. ಸ್ಪ್ರಿಂಗ್ ಹಿಂಜ್ (ಕಡ್ಡಿ ಮಡಚುವ ಕೀಲಿನಲ್ಲಿ ಸ್ಪ್ರಿಂಗ್ ಇರುವುದು) ಹಾಕಿಕೊಳ್ಳುವಾಗ ಹಿತ, ಆದರೆ ಉಪ್ಪು ಗಾಳಿಯಲ್ಲಿ ಮೊದಲು ಬಿಗಿಯಾಗುವುದೂ ಅದೇ. ಕಾರವಾರದವರಿಗೆ ನಾನು ಸಾದಾ ಹಿಂಜನ್ನೇ ಹೇಳುತ್ತೇನೆ.

ಶೆಲ್ ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುವುದರಲ್ಲೂ ಎರಡು ಜಾತಿ. ಒಂದು ಅಸಿಟೇಟ್, ಅಂಗಡಿಯವರು ಶೀಟ್ ಫ್ರೇಮ್ ಅನ್ನುತ್ತಾರೆ. ಹಾಳೆಯಿಂದ ಕತ್ತರಿಸಿ, ಉಜ್ಜಿ, ಪಾಲಿಶ್ ಮಾಡಿ ತಯಾರಿಸಿದ್ದು. ಬಣ್ಣ ಮೇಲೆ ಬಳಿದದ್ದಲ್ಲ, ಒಳಗಿನಿಂದಲೇ ಇರುತ್ತದೆ, ಹಾಗಾಗಿ ಗೀರು ಬಿದ್ದರೂ ಮತ್ತೆ ಪಾಲಿಶ್ ಹಾಕಬಹುದು. ಒಳ್ಳೆಯ ಡಿಸೈನರ್ ಫ್ರೇಮುಗಳ ಆಳವಾದ ಆಮೆಚಿಪ್ಪಿನ ಬಣ್ಣ ಬರುವುದು ಇದರಲ್ಲೇ. ಇಟಲಿಯ ಮಜ್ಜುಕೆಲ್ಲಿ ಅನ್ನುವ ಕಂಪನಿ ಈ ಹಾಳೆಗೆ ಹೆಸರುವಾಸಿ, 1849ರಿಂದ ಇದೆ. ಇನ್ನೊಂದು ಜಾತಿ ಅಚ್ಚಿಗೆ ಸುರಿದು ಮಾಡಿದ್ದು, ಅದರಲ್ಲಿ ಒಳ್ಳೆಯದು ಟಿಆರ್ 90. ತುಂಬ ಹಗುರ, ಬಗ್ಗಿಸಿದರೂ ಮುರಿಯುವುದಿಲ್ಲ, ಬೆವರಿಗೆ ಜಗ್ಗುವುದಿಲ್ಲ. ಆದರೆ ಬಿಸಿ ಮಾಡಿ ನಿಮ್ಮ ಕಿವಿಗೆ ತಕ್ಕಂತೆ ಬಗ್ಗಿಸುವುದು ಕಷ್ಟ, ಬಗ್ಗಿಸಿದರೂ ಮೊದಲಿನ ಆಕಾರಕ್ಕೇ ಹೋಗುತ್ತದೆ. ಅಸಿಟೇಟ್ ಅದಕ್ಕೆ ಉಲ್ಟಾ. ಚೆನ್ನಾಗಿ ಬಾಗುತ್ತದೆ, ಹಾಗಾಗಿಯೇ ಬೀಚ್ ಪಕ್ಕ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟರೆ ತಾನಾಗಿಯೂ ಬಾಗುತ್ತದೆ. ವರ್ಷಗಟ್ಟಲೆ ಬೆವರು ಕುಡಿದರೆ ಕಿವಿಯ ಹತ್ತಿರ ಬೆಳ್ಳಗೆ ಮಂಕಾಗುತ್ತದೆ. ಪಾಲಿಶ್ ಹಾಕಿಸಿದರೆ ಬಹಳಷ್ಟು ಹೋಗುತ್ತದೆ.

ಕಾಪಾಡುವುದು ಸುಲಭ. ಸಂಜೆ ಮನೆಗೆ ಬಂದ ಮೇಲೆ ನಲ್ಲಿಯ ತಣ್ಣೀರಿನಲ್ಲಿ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಪ್ಯಾಡ್ ಸಂದಿಗೆ ಬೆರಳಾಡಿಸಿ ತೊಳೆಯಿರಿ. ಬಿಸಿನೀರು ಬೇಡ, ಲೆನ್ಸಿನ ಕೋಟಿಂಗ್ ಸೀಳುತ್ತದೆ. ಸೆರಗಿನಲ್ಲಿ ಒಣ ಒರೆಸುವುದೂ ಬೇಡ, ಉಪ್ಪಿನ ಕಣ ಗೀರು ಹಾಕುತ್ತದೆ. ಶಿರಸಿ ಕಡೆಗೆ ಹೋದಾಗ ಮಳೆಗಾಲದಲ್ಲಿ ಒದ್ದೆ ಕನ್ನಡಕವನ್ನು ಚರ್ಮದ ಬಾಕ್ಸಿನಲ್ಲಿ ಮುಚ್ಚಿಡಬೇಡಿ. ಬೂಷ್ಟು ಬಾಕ್ಸಿಗೆ ಹಿಡಿದು ನಿಲ್ಲುವುದಿಲ್ಲ, ಪ್ಯಾಡಿನ ಒಳಕ್ಕೂ ಬರುತ್ತದೆ.

ಈಗ ನೀವು ನಿಜವಾಗಿ ಕೇಳಿದ್ದಕ್ಕೆ ಬರೋಣ, ಚೆಂದಕ್ಕೆ. ಫ್ರೇಮಿನ ಒಟ್ಟು ಅಗಲ ನಿಮ್ಮ ಮುಖದ ಅಗಲಕ್ಕೆ ಸರಿಹೊಂದುವುದೇ ಆಕಾರಕ್ಕಿಂತ ದೊಡ್ಡ ವಿಷಯ. ಎದುರಿನಿಂದ ನೋಡಿದಾಗ ಫ್ರೇಮಿನ ಅಂಚು ಮುಖದ ಅಗಲಕ್ಕೆ ಸಮ ಇರಬೇಕು, ಒಂದೆರಡು ಮಿಲಿಮೀಟರ್ ಆಚೆ ಹೋದರೆ ತೊಂದರೆಯಿಲ್ಲ. ಒಳಗೆ ಹೋದರೆ ಕಡ್ಡಿ ತಲೆಯನ್ನು ಒತ್ತುತ್ತದೆ, ಗುಂಡು ಮುಖ ಇನ್ನೂ ಗುಂಡಾಗಿ ಕಾಣುತ್ತದೆ. ಇಲ್ಲೇ ನಿಮಗೆ ಇಕ್ಕಟ್ಟು: ನಂಬರಿಗೆ ಚಿಕ್ಕ ಗ್ಲಾಸ್ ಬೇಕು, ಮುಖಕ್ಕೆ ಅಗಲ ಫ್ರೇಮ್ ಬೇಕು. ಇದಕ್ಕೆ ಪರಿಹಾರ ಗ್ಲಾಸ್ ಚಿಕ್ಕದಿದ್ದು, ಫ್ರೇಮಿನ ಕಟ್ಟು ಸ್ವಲ್ಪ ದಪ್ಪ ಇರುವುದು, ಹಿಂಜ್ ಬಳಿ ಫ್ರೇಮಿನ ತುದಿ ಹೊರಕ್ಕೆ ಚಾಚಿರುವುದು. ಅಸಿಟೇಟ್‌ನಲ್ಲಿ ಇದು ಸುಲಭವಾಗಿ ಸಿಗುತ್ತದೆ. 48 ಅಥವಾ 49ರ ಗ್ಲಾಸು, ಒಟ್ಟು ಮುಂಭಾಗ 135ರಿಂದ 140ರ ಒಳಗೆ ಇರುವ ಫ್ರೇಮ್ ಕೇಳಿ, ಅಲ್ಲಿಂದ ಶುರು ಮಾಡಿ. ಅದರ ಜೊತೆಗೆ ಲೋಹದ ಪ್ಯಾಡ್ ಕಡ್ಡಿ ಇದ್ದರೆ ಅಂಚು ದಪ್ಪ ಕಾಣುವುದು, ಜಾರುವುದು ಎರಡೂ ತೊಂದರೆ ಒಂದೇ ಫ್ರೇಮಿನಲ್ಲಿ ಮುಗಿಯುತ್ತದೆ.

ಕಣ್ಣು ಗ್ಲಾಸಿನ ಒಳಗೆ ಎಲ್ಲಿ ಕೂರುತ್ತದೆ ಅಂತಲೂ ನೋಡಿ. ಅಡ್ಡಡ್ಡಕ್ಕೆ ಹೆಚ್ಚುಕಡಿಮೆ ನಡುವೆ, ಮೂಗಿನ ಕಡೆ ತುಸು ಸರಿದಿದ್ದರೂ ಸರಿ. ಎತ್ತರದಲ್ಲಿ ನಡುವಿಗಿಂತ ಸ್ವಲ್ಪ ಮೇಲೆ. ಫ್ರೇಮಿನ ಮೇಲಿನ ಗೆರೆ ಹುಬ್ಬಿನ ಗೆರೆಯ ಜೊತೆಯಲ್ಲೇ ಸಾಗಲಿ. ಹುಬ್ಬು ಪೂರ್ತಿ ಮುಚ್ಚಿದರೆ ಮುಖದಲ್ಲಿ ಭಾವವೇ ಕಾಣುವುದಿಲ್ಲ, ಹುಬ್ಬಿಗಿಂತ ಬಹಳ ಕೆಳಗಿದ್ದರೆ ಎರಡು ಜೊತೆ ಹುಬ್ಬು ಇದ್ದ ಹಾಗೆ.

ಮೈನಸ್ ಗ್ಲಾಸಿನ ಹಿಂದೆ ಕಣ್ಣು ಚಿಕ್ಕದಾಗಿ ಕಾಣುತ್ತದೆ, ಅದನ್ನು ಪೂರ್ತಿ ತಪ್ಪಿಸಲು ಬರುವುದಿಲ್ಲ. ಕಣ್ಣಿಗೆ ಹತ್ತಿರ ಕೂರುವ ಫ್ರೇಮಿನಲ್ಲಿ ಕಡಿಮೆ ಕಾಣುತ್ತದೆ. ದಟ್ಟ ಕಪ್ಪು, ದಪ್ಪ ಫ್ರೇಮಿನಲ್ಲಿ ಜಾಸ್ತಿ. ನಿಮಗೆ ಕಪ್ಪಿನ ಬದಲು ಕಂದು, ಜೇನು ಬಣ್ಣ, ದಟ್ಟ ಕೆಂಪು, ಇಲ್ಲವೇ ಮೇಲೆ ಗಾಢ ಕೆಳಗೆ ತಿಳಿ ಆಗುವ ಎರಡು ಛಾಯೆಯ ಫ್ರೇಮ್ ಚೆನ್ನಾಗಿರಬಹುದು. ನಮ್ಮ ಮೈಬಣ್ಣಕ್ಕೆ ಜೇನು ಮತ್ತು ಆಮೆಚಿಪ್ಪಿನ ಬಣ್ಣ ಕಪ್ಪಿಗಿಂತ ಹೊಂದುತ್ತದೆ ಅನ್ನುವುದು ನನ್ನ ಹಳೆಯ ಹಟ, ಒಪ್ಪದವರು ಬಹಳ ಜನ ಇದ್ದಾರೆ. ಅಂಚು ಮುಚ್ಚುವುದಕ್ಕೂ ಅಸಿಟೇಟೇ ಒಳ್ಳೆಯದು. ಕೆಳಗೆ ನೈಲಾನ್ ದಾರ ಇರುವ ಸುಪ್ರಾ, ಸುತ್ತ ಏನೂ ಇಲ್ಲದ ತ್ರೀ ಪೀಸ್ ಎರಡೂ ನಿಮಗೆ ಬೇಡ. ದಪ್ಪ ಅಂಚು ಬಯಲಿಗೆ ಬೀಳುತ್ತದೆ. ಅಂಚನ್ನು ಪಾಲಿಶ್ ಮಾಡಿಕೊಡುತ್ತೇವೆ ಅಂದರೂ ಬೇಡ ಅನ್ನಿ, ಗ್ಲಾಸಿನೊಳಗೆ ಅಂಚಿನ ಪ್ರತಿಫಲನದ ಬಿಳಿ ಉಂಗುರಗಳು ಇನ್ನೂ ಎದ್ದು ಕಾಣಬಹುದು. ಎಆರ್‌ಸಿ, ಅಂದರೆ ಪ್ರತಿಫಲನ ತಡೆಯುವ ಕೋಟಿಂಗ್ ಮಾತ್ರ ಬಿಡಬೇಡಿ. ಉಂಗುರ ಮಂಕಾಗುತ್ತದೆ, ರಾತ್ರಿ ಹೆದ್ದಾರಿ 66ರಲ್ಲಿ ಎದುರು ಬರುವ ಲಾರಿಯ ಲೈಟಿಗೂ ಒಳ್ಳೆಯದು.

ಮದುವೆಗೂ ಅದೇ ಕೋಟಿಂಗ್ ಬೇಕು. ಇಲ್ಲದಿದ್ದರೆ ಆಲ್ಬಂನಲ್ಲಿ ಕಣ್ಣಿನ ಜಾಗದಲ್ಲಿ ಎರಡು ಬಿಳಿ ಚುಕ್ಕೆ ಇರುತ್ತದೆ, ವಿಡಿಯೋದವರ ಲೈಟು ಗೊತ್ತಲ್ವಾ. ಇನ್ನೊಂದು ಮಾತು ಯಾವ ಅಂಗಡಿಯಲ್ಲೂ ಹೇಳುವುದಿಲ್ಲ: ಜುಮ್ಕಿ, ಮಾಟಿ ಹಾಕುತ್ತೀರಾದರೆ ಫ್ರೇಮ್ ನೋಡಲು ಹೋಗುವಾಗ ಅವನ್ನೂ ತಗೊಂಡು ಹೋಗಿ. ಮಾಟಿಯ ಸರ ಕಿವಿಯ ಮೇಲೆ ಹಾದು ಕೂದಲಿಗೆ ಹೋಗುವ ಜಾಗದಲ್ಲೇ ಕಡ್ಡಿಯೂ ಕೂರುತ್ತದೆ. ದಪ್ಪ ಕಡ್ಡಿಯಾದರೆ ಎರಡೂ ಜಗಳ. ಕಡ್ಡಿ ತೆಳು ಇರಲಿ, ಮುಂಭಾಗ ದಪ್ಪ ಇದ್ದರೂ ನಡೆಯುತ್ತದೆ. ಸ್ಕೂಟರ್ ಓಡಿಸುವವರಾದರೆ ಹೆಲ್ಮೆಟ್‌ಗೂ ತೆಳು, ನೇರ ಕಡ್ಡಿಯೇ ಹಿತ. ರೇಷ್ಮೆ ಸೀರೆ, ಬಂಗಾರ ಎಲ್ಲ ಇರುವಾಗ ಕಡ್ಡಿಯ ಮೇಲೆ ಹರಳು, ದೊಡ್ಡ ಲೋಗೋ ಇರುವ ಫ್ರೇಮ್ ಬೇಡ ಅನ್ನುತ್ತೇನೆ. ಮದುವೆ ಎರಡು ದಿನ, ಕನ್ನಡಕ ಆಫೀಸಿಗೆ ಮೂರು ವರ್ಷ.

ನಿಮ್ಮ ನಂಬರಿನವರಿಗೆ ಡಮ್ಮಿ ಲೆನ್ಸಿನ ಹೊಸ ಫ್ರೇಮ್ ಹಾಕಿದಾಗ ಕನ್ನಡಿಯಲ್ಲಿ ತಮ್ಮ ಮುಖವೇ ಸರಿಯಾಗಿ ಕಾಣುವುದಿಲ್ಲ. ಜೊತೆಯವರು "ಚೊಲೋ ಕಾಣ್ತದೆ" ಅಂದದ್ದನ್ನು ನಂಬಿ ದುಡ್ಡು ಕೊಟ್ಟು ಬರುತ್ತಾರೆ. ಹಾಗೆ ಮಾಡಬೇಡಿ. ಆರು ಅಡಿ ದೂರದಿಂದ ಫೋನಿನಲ್ಲಿ ವಿಡಿಯೋ ತೆಗೆಸಿ. ಎದುರಿಗೆ, ಪಕ್ಕಕ್ಕೆ, ನಗುತ್ತಾ, ಮಾತಾಡುತ್ತಾ. ಆಮೇಲೆ ನಿಮ್ಮ ಹಳೆ ಕನ್ನಡಕ ಹಾಕಿಕೊಂಡು ನೋಡಿ. ಸೆಲ್ಫಿ ಬೇಡ, ಹತ್ತಿರದ ಕ್ಯಾಮೆರಾ ಮೂಗನ್ನೂ ಫ್ರೇಮಿನ ನಡುವನ್ನೂ ಉಬ್ಬಿಸಿ ತೋರಿಸುತ್ತದೆ.

ಬ್ರ್ಯಾಂಡ್ ಬಗ್ಗೆ ಒಂದು ಗುಟ್ಟು, ಗುಟ್ಟೇನೂ ಅಲ್ಲ ಬಿಡಿ. ಬಟ್ಟೆ, ಬ್ಯಾಗಿನ ದೊಡ್ಡ ಹೆಸರುಗಳಲ್ಲಿ ಬಹಳಷ್ಟು ಕನ್ನಡಕವನ್ನು ತಾವೇ ಮಾಡುವುದಿಲ್ಲ. ಹೆಸರಿನ ಲೈಸೆನ್ಸ್ ಕೊಡುತ್ತಾರೆ, ಮಾಡುವುದು ಕೆಲವೇ ಕಂಪನಿಗಳು. ಪ್ರಾಡಾ, ವರ್ಸಾಚೆ, ಬರ್ಬೆರಿ ಫ್ರೇಮ್ ಮಾಡುವುದು ಎಸಿಲೋರ್‌ಲಕ್ಸೋಟಿಕಾ. ರೇ-ಬ್ಯಾನ್, ಓಕ್ಲಿ, ವೋಗ್ ಅದರ ಸ್ವಂತ ಹೆಸರುಗಳು. ಫ್ರಾನ್ಸಿನ ಲೆನ್ಸ್ ಕಂಪನಿ ಮತ್ತು ಇಟಲಿಯ ಫ್ರೇಮ್ ಕಂಪನಿ 2018ರಲ್ಲಿ ಒಂದಾಗಿ ಹುಟ್ಟಿದ್ದು ಅದು. ರೇ-ಬ್ಯಾನ್ ಶುರುವಾದದ್ದು 1937ರಲ್ಲಿ ಅಮೆರಿಕದಲ್ಲಿ ಪೈಲಟ್‌ಗಳ ಕನ್ನಡಕವಾಗಿ, ಇಟಲಿಯವರ ಕೈಗೆ ಬಂದದ್ದು 1999ರಲ್ಲಿ. ಕರೇರಾ, ಪೋಲರಾಯ್ಡ್ ಇನ್ನೊಂದು ಇಟಾಲಿಯನ್ ಕಂಪನಿ ಸಫಿಲೋದ್ದು. ಹಾಗಾಗಿ ಎರಡು ಪಟ್ಟು ಬೆಲೆಯ ಹೆಸರು ಅಂದರೆ ಎರಡು ಪಟ್ಟು ಗಟ್ಟಿ ಅಂತ ಅರ್ಥವಲ್ಲ. ಅಸಿಟೇಟ್ ಹೇಗಿದೆ, ಹಿಂಜ್ ಹೇಗಿದೆ, ಕಡ್ಡಿ ಮಡಿಸಿದಾಗ ಎರಡೂ ಸಮ ಕೂರುತ್ತವಾ ನೋಡಿ. ಟೈಟಾನಿಯಂ ಬೇಕಾದರೆ ಜಪಾನಿನ ಸಬಾಯೆ ಊರಿನದ್ದು ಹೆಸರಾದದ್ದು. 1905ರಿಂದ ಅಲ್ಲಿ ಫ್ರೇಮ್ ಮಾಡುತ್ತಾರೆ, ಆದರೆ ನಿಮ್ಮ ಬಜೆಟ್‌ಗೆ ಅದು ಕಷ್ಟ.

15 ಸಾವಿರವನ್ನು ನಾನಾದರೆ ಹೀಗೆ ಹಂಚುತ್ತೇನೆ: ಅರ್ಧ, ಅರ್ಧಕ್ಕಿಂತ ಜಾಸ್ತಿಯಾದರೂ ಸರಿ, ಲೆನ್ಸಿಗೆ. 1.6 ಅಥವಾ 1.67, ಒಳ್ಳೆಯ ಕೋಟಿಂಗ್. 1.74 ನಿಮ್ಮ ನಂಬರಿಗೆ, ಅದರಲ್ಲೂ 48ರ ಫ್ರೇಮಿನಲ್ಲಿ, ಸುಮ್ನೆ ದುಡ್ಡು. ಉಳಿದದ್ದರಲ್ಲಿ ಬರುವ ಫ್ರೇಮ್ ತಗೊಳ್ಳಿ, ಹೆಸರು ಇದ್ದರೆ ಇರಲಿ, ಇಲ್ಲದಿದ್ದರೆ ಬೇಡ. ತಗೊಳ್ಳುವ ಮೊದಲು ಅಂಗಡಿಯವರಿಗೆ ಒಂದೇ ಪ್ರಶ್ನೆ ಕೇಳಿ: ಕಡ್ಡಿ ಮುರಿದರೆ ಇದೇ ಮಾಡೆಲ್‌ನ ಕಡ್ಡಿ ತರಿಸಿಕೊಡುತ್ತೀರಾ, ಎಷ್ಟು ದಿನ? ವಿದೇಶಿ ಹೆಸರಿನ ಫ್ರೇಮಿಗೆ ನಮ್ಮ ಕಡೆ ಸ್ಪೇರ್ ಬರುವುದು ನಿಧಾನ. ಹುಬ್ಬಳ್ಳಿಯಲ್ಲೋ ಮಡಗಾಂವ್‌ನಲ್ಲೋ ಆಯ್ಕೆ ಜಾಸ್ತಿ ಸಿಗುತ್ತದೆ ನಿಜ, ಆದರೆ ಸ್ಕ್ರೂ ಬಿಗಿ ಮಾಡಿಸಲು, ಜಾರುವುದು ಸರಿ ಮಾಡಿಸಲು ಪ್ರತಿ ಸಲ ಅಲ್ಲಿಗೆ ಹೋಗುತ್ತೀರಾ? ಗೋವಾ ಬೀಚಿನ ಸಾಲಿನಲ್ಲಿ ಇನ್ನೂರು-ಮುನ್ನೂರಕ್ಕೆ ಸಿಗುವ ರೇ-ಬ್ಯಾನ್ ಬಗ್ಗೆ ಹೇಳುವುದೇ ಬೇಡ. ಅಸಲಿಯಲ್ಲಿ ಕಡ್ಡಿಯ ಮೇಲಿನ ಮಾಡೆಲ್ ನಂಬರ್, ಬಣ್ಣದ ಕೋಡ್, ಅಳತೆ ಮೂರೂ ಬಾಕ್ಸಿನ ಸ್ಟಿಕರ್‌ಗೆ ತಾಳೆಯಾಗಬೇಕು. ಜಿಎಸ್‌ಟಿ ಬಿಲ್ಲು, ವಾರಂಟಿ ಕಾರ್ಡು ಇಲ್ಲದೆ ತರಬೇಡಿ.

ಆನ್‌ಲೈನ್ ತರಿಸಬಹುದು, ಒಂದು ಷರತ್ತಿನ ಮೇಲೆ. ನಿಮಗೆ ಚೆನ್ನಾಗಿ ಕೂರುವ ಒಂದು ಫ್ರೇಮಿನ ಅಳತೆ ನಿಮ್ಮ ಹತ್ತಿರ ಇರಬೇಕು. ಗ್ಲಾಸಿನ ಅಗಲ, ಸೇತುವೆ ಎರಡೂ ಅದಕ್ಕಿಂತ 2 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಆಗದಂತೆ ಹುಡುಕಿ. ಫೋನಿನಲ್ಲಿ ಮುಖಕ್ಕೆ ಫ್ರೇಮ್ ಕೂರಿಸಿ ತೋರಿಸುವ ಆಪ್ ಆಕಾರ, ಬಣ್ಣ ನೋಡಲು ಸರಿ, ಜಾರುತ್ತದೆಯೇ, ಕೆನ್ನೆಗೆ ತಾಗುತ್ತದೆಯೇ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಎಟಿಎಂ ಕಾರ್ಡ್ ಹಿಡಿದು ಪಿಡಿ ಅಳೆಯುವ ಆಪ್‌ಗಳೂ ಇವೆ. ಕಾರ್ಡಿನ ಉದ್ದ ಎಲ್ಲ ಕಡೆ ಒಂದೇ, 85.6 ಮಿಲಿಮೀಟರ್, ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತವೆ. ಸಣ್ಣ ನಂಬರಿಗೆ ಸಾಕು. 5.50ಕ್ಕೆ ಒಂದೆರಡು ಮಿಲಿಮೀಟರ್ ತಪ್ಪಿದರೂ ಕಣ್ಣು ಎಳೆದ ಹಾಗೆ, ತಲೆನೋವು ಬರಬಹುದು. ಆದ್ದರಿಂದ ಫ್ರೇಮ್ ಬೇಕಾದರೆ ಆನ್‌ಲೈನ್ ತರಿಸಿ, ಲೆನ್ಸ್ ಮಾತ್ರ ನಿಮ್ಮ ಮುಖಕ್ಕೆ ಫ್ರೇಮ್ ಹಾಕಿ ಗುರುತು ಮಾಡುವವರ ಹತ್ತಿರ ಕೂರಿಸಿ. ಹೊರಗಿನ ಫ್ರೇಮ್‌ಗೆ ಲೆನ್ಸ್ ಹಾಕಿಕೊಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ, ಕೆಲವರು ಒಪ್ಪುವುದಿಲ್ಲ. ತಂದು ಹತ್ತು ದಿನವಾದ ಮೇಲೆ ಒಮ್ಮೆ ಹೋಗಿ ಕಡ್ಡಿ, ಪ್ಯಾಡ್ ಮತ್ತೆ ಸರಿ ಮಾಡಿಸಿ.

ಅಮ್ಮನಿಗೆ ನಿಮ್ಮದೇ ಥರದ್ದು ಆಗಬಹುದು, ಎತ್ತರ ಸಾಕಿದ್ದರೆ ಮಾತ್ರ. ಪ್ರೊಗ್ರೆಸಿವ್‌ನಲ್ಲಿ ಮೇಲೆ ದೂರದ್ದು, ಕೆಳಗೆ ಓದುವುದು, ನಡುವೆ ಕಂಪ್ಯೂಟರ್ ದೂರ. ಇಷ್ಟೂ ಒಂದೇ ಗ್ಲಾಸಿನಲ್ಲಿ ಇಳಿಯಬೇಕಲ್ಲ. ಪಾಪೆಯಿಂದ ಕೆಳಗಿನ ಅಂಚಿಗೆ 18 ಮಿಲಿಮೀಟರ್ ಆದರೂ ಬೇಕು, ಗ್ಲಾಸಿನ ಎತ್ತರ 30ಕ್ಕಿಂತ ಕಡಿಮೆ ಬೇಡ. ಪ್ಯಾಂಟೋ ಆಕಾರದಲ್ಲಿ ಸಾಮಾನ್ಯವಾಗಿ ಇಷ್ಟು ಸಿಗುತ್ತದೆ, ತೀರಾ ಅಡ್ಡ ಪಟ್ಟಿಯಂಥ ಚಿಕ್ಕ ಫ್ರೇಮಿನಲ್ಲಿ ಸಿಗುವುದಿಲ್ಲ. ಕ್ಯಾಟ್ ಐ ಆದರೆ ಮೂಗಿನ ಕಡೆಯ ಕೆಳಮೂಲೆ ಎಷ್ಟು ಕತ್ತರಿಸಿದೆ ನೋಡಿ, ಓದುವ ಭಾಗ ಬರುವುದು ಅಲ್ಲೇ. ಅವರದ್ದು ಪ್ಲಸ್ ನಂಬರ್ ಆಗಿದ್ದರೆ ಲೆನ್ಸ್ ನಡುವೆ ದಪ್ಪ, ಅವರಿಗೂ ಅಗಲ ಕಡಿಮೆ ಇದ್ದಷ್ಟೂ ಹಗುರ. ಅವರನ್ನು ಜೊತೆಗೇ ಕರೆದುಕೊಂಡು ಹೋಗಿ, ಪ್ರೊಗ್ರೆಸಿವ್‌ಗೆ ಎತ್ತರದ ಗುರುತನ್ನು ಅವರು ಆರಿಸಿದ ಫ್ರೇಮನ್ನೇ ಹಾಕಿಕೊಂಡು ನಿಂತಿರುವಾಗ ಮಾಡಬೇಕು.